ರ‍್ಯಾಮ್ ಕೊಳ್ಳುವ ಮುನ್ನ: ಎಷ್ಟು ಬೇಕು, ಯಾವುದಕ್ಕೆ ದುಡ್ಡು ಕೊಡಬೇಕು

(ಶಾಲಾ ಶಿಕ್ಷಕರು, ಡಿಟಿಪಿ ಕೇಂದ್ರದವರು ಮತ್ತು ಸಣ್ಣ ಕಚೇರಿ ನಡೆಸುವವರು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ವಿಷಯಕ್ಕೆ ಬರುವ ಮೊದಲು ಒಂದು ಪದದ ಗೊಂದಲವನ್ನು ಬಿಡಿಸಿಕೊಳ್ಳೋಣ. ಮೊಬೈಲ್ ಅಂಗಡಿಯಲ್ಲಿ ‘ಮೆಮೊರಿ ಎಷ್ಟಿದೆ?’ ಎಂದು ಕೇಳಿದರೆ ಫೋಟೊ, ವಿಡಿಯೊ ತುಂಬಿಟ್ಟುಕೊಳ್ಳುವ ಜಾಗದ ಲೆಕ್ಕ ಹೇಳುತ್ತಾರೆ. ಇಂದಿನ ಮಾತು ಆ ಜಾಗದ ಬಗ್ಗೆ ಅಲ್ಲ. ಕಂಪ್ಯೂಟರ್ ಕೆಲಸ ಮಾಡುತ್ತಿರುವಷ್ಟು ಹೊತ್ತು ಮಾತ್ರ ಬಳಕೆಯಲ್ಲಿದ್ದು, ಕರೆಂಟು ಹೋದ ಕ್ಷಣದಲ್ಲಿ ಎಲ್ಲವನ್ನೂ ಮರೆತುಬಿಡುವ ರ‍್ಯಾಮ್ ಬಗ್ಗೆ.

ಮದುವೆಮನೆಯ ಅಡುಗೆಯನ್ನು ನೆನಪಿಸಿಕೊಳ್ಳಿ. ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ ಎಲ್ಲವೂ ಉಗ್ರಾಣದಲ್ಲಿರುತ್ತವೆ. ಆದರೆ ಭಟ್ಟರ ಕೈ ಆಡುವುದು ಒಲೆಯ ಪಕ್ಕದ ಕಟ್ಟೆಯ ಮೇಲೆ ಹರಡಿಕೊಂಡ ಸಾಮಾನಿನ ಮೇಲೆ. ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ಚಿಪ್‌ಗಳಿಂದಾದ ಡಿಸ್ಕ್) ಎಂಬುದು ಆ ಉಗ್ರಾಣ, ರ‍್ಯಾಮ್ ಎಂಬುದು ಆ ಕಟ್ಟೆ. ಕಟ್ಟೆ ಸಾಕಷ್ಟಿರುವಾಗ ಅದನ್ನು ಇನ್ನೂ ಎರಡು ಗಜ ಅಗಲ ಮಾಡಿದರೆ ಸಾರು ಬೇಗ ಕುದಿಯುವುದಿಲ್ಲ. ಕಟ್ಟೆ ಸಾಲದೆ ಹೋದರೆ ಮಾತ್ರ, ಒಂದು ಪಾತ್ರೆಯನ್ನು ಒಳಗಿಟ್ಟು ಇನ್ನೊಂದನ್ನು ಹೊರಗೆ ತರುವುದರಲ್ಲೇ ಊಟದ ಹೊತ್ತು ಮೀರಿಹೋಗುತ್ತದೆ. ರ‍್ಯಾಮ್ ಸಾಲದಿದ್ದರೆ ಆಗುವ ನಷ್ಟ ಬಹಳ ದೊಡ್ಡದು; ಸಾಕಾದ ಮೇಲೆ ಸುರಿಯುವ ದುಡ್ಡಿಗೆ ಸಿಗುವ ಫಲ ಬಹಳ ಸಣ್ಣದು. ಹಾಗಾಗಿ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಕೆಲಸ ಪಡೆಯಬೇಕೆಂದರೆ, ನಮ್ಮ ಅಗತ್ಯದ ಗೆರೆ ಎಲ್ಲಿದೆ ಎಂದು ಮೊದಲು ಅಳೆದುಕೊಳ್ಳಬೇಕು.

ನಷ್ಟ ದೊಡ್ಡದು ಎಂದೆನಲ್ಲ, ಎಷ್ಟು ದೊಡ್ಡದು ಎಂಬುದನ್ನೂ ನೋಡಿ. ಪ್ರೊಸೆಸರ್‌ಗೆ ರ‍್ಯಾಮ್‌ನಿಂದ ಒಂದು ಮಾಹಿತಿ ಸಿಗಲು ಸುಮಾರು 100 ನ್ಯಾನೊಸೆಕೆಂಡ್ ಹಿಡಿಯುತ್ತದೆ. ಅದೇ ಮಾಹಿತಿ ಎಸ್‌ಎಸ್‌ಡಿಯಿಂದ ಬರಬೇಕಾದರೆ ಸುಮಾರು 100 ಮೈಕ್ರೊಸೆಕೆಂಡ್, ತಿರುಗುವ ಹಾರ್ಡ್ ಡಿಸ್ಕ್‌ನಿಂದ ಬರಬೇಕಾದರೆ ಸುಮಾರು 10 ಮಿಲಿಸೆಕೆಂಡ್. ಇವೆಲ್ಲ ನಮ್ಮ ಅನುಭವಕ್ಕೆ ಎಟುಕದ ಅಂಕಿಗಳು. ಮೊದಲನೆಯದನ್ನು ಒಂದು ಸೆಕೆಂಡ್ ಎಂದು ಹಿಗ್ಗಿಸಿ ನೋಡಿದರೆ ಎರಡನೆಯದು ಸುಮಾರು ಹದಿನೇಳು ನಿಮಿಷವಾಗುತ್ತದೆ, ಮೂರನೆಯದು ಒಂದು ಹಗಲು ಒಂದು ರಾತ್ರಿಯನ್ನೂ ಮೀರಿ ಸುಮಾರು ಇಪ್ಪತ್ತೆಂಟು ಗಂಟೆಯಾಗುತ್ತದೆ. ರ‍್ಯಾಮ್ ತುಂಬಿದಾಗ ಕಂಪ್ಯೂಟರ್ ಮಾಡುವುದು ಇದನ್ನೇ: ಆ ಕ್ಷಣಕ್ಕೆ ಬೇಡವಾದದ್ದನ್ನು ಡಿಸ್ಕ್‌ಗೆ ಸಾಗಿಸಿ, ಬೇಕಾದದ್ದನ್ನು ಅಲ್ಲಿಂದ ಹೊತ್ತು ತರುವುದು. ಯಂತ್ರ ‘ಸ್ಲೋ’ ಆಗಿದೆ ಎಂದು ನೀವು ಹೇಳುವ ಎಷ್ಟೋ ಸಂದರ್ಭಗಳಲ್ಲಿ ಪ್ರೊಸೆಸರ್ ಕೈಕಟ್ಟಿಕೊಂಡು ಕಾಯುತ್ತಿರುತ್ತದೆ.

ನಾನು ಹಲವು ವರ್ಷ ಒಂದು ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯವನ್ನು ನೋಡಿಕೊಳ್ಳುತ್ತಿದ್ದೆ. ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿಯ ಒಂದೇ ಒಂದು ಡಿಡಿಆರ್3 ತಲೆಮಾರಿನ ರ‍್ಯಾಮ್, ಹಾರ್ಡ್ ಡಿಸ್ಕ್ ಇದ್ದ ಯಂತ್ರಗಳು ಅವು. ವಿದ್ಯಾರ್ಥಿಯೊಬ್ಬ ಬ್ರೌಸರ್‌ನಲ್ಲಿ ಐದಾರು ಪುಟ ತೆರೆದು, ಪಕ್ಕದಲ್ಲಿ ಪ್ರೋಗ್ರಾಮ್ ಬರೆಯುವ ತಂತ್ರಾಂಶವನ್ನೂ ತೆರೆದನೆಂದರೆ ಕ್ಯಾಬಿನೆಟ್‌ನ ಮುಂದಿನ ಡಿಸ್ಕ್ ದೀಪ ಮಿಟುಕುವುದನ್ನು ಬಿಟ್ಟು ಒಂದೇ ಸಮನೆ ಉರಿಯತೊಡಗುತ್ತಿತ್ತು. ಮೌಸ್ ಬಾಣ ಪರದೆಯ ಮೇಲೆ ತಡವರಿಸುತ್ತಿತ್ತು. ಯಂತ್ರಗಳು ಹಳೆಯದಾದವು, ಹೊಸವನ್ನೇ ಕೊಳ್ಳಬೇಕು ಎಂಬ ಮಾತು ಆಡಳಿತದ ಸಭೆಯವರೆಗೂ ಹೋಯಿತು. ಅದಕ್ಕೆ ಮೊದಲು ಒಂದು ಯಂತ್ರದಲ್ಲಿ ಪರೀಕ್ಷೆ ಮಾಡೋಣವೆಂದು, ಖಾಲಿ ಇದ್ದ ಎರಡನೇ ಸ್ಲಾಟ್‌ಗೆ ಅದೇ ಬಗೆಯ ಇನ್ನೊಂದು 4 ಜಿಬಿ ಹಾಕಿದೆವು. ಅದೇ ವಿದ್ಯಾರ್ಥಿ, ಅದೇ ಪುಟಗಳು, ಅದೇ ತಂತ್ರಾಂಶ. ದೀಪ ಆಗೊಮ್ಮೆ ಈಗೊಮ್ಮೆ ಮಿಟುಕಿತು, ಅಷ್ಟೆ. ಹೊಸ ಕಂಪ್ಯೂಟರ್‌ಗೆ ಕೊಡಬೇಕಾಗಿದ್ದ ಹಣದ ಒಂದು ಸಣ್ಣ ಪಾಲಿನಲ್ಲಿ ಆ ಯಂತ್ರಗಳು ಮತ್ತೆ ಕೆಲವು ವರ್ಷ ಪಾಠಕ್ಕೆ ಒದಗಿದವು. ಅಂದಿನಿಂದ, ಅಳೆಯದೆ ಕೊಳ್ಳಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ.

ಅಳೆಯುವುದು ಕಷ್ಟವೇನಲ್ಲ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ವಿಭಾಗಕ್ಕೆ ಹೋಗಿ ಮೆಮೊರಿಯನ್ನು ಆರಿಸಿ. ದಿನದ ಅತಿ ಹೆಚ್ಚು ಕೆಲಸದ ಹೊತ್ತಿನಲ್ಲಿ, ನೀವು ನಿಜವಾಗಿ ತೆರೆಯುವ ಎಲ್ಲವನ್ನೂ ತೆರೆದಿಟ್ಟು ಆ ಪುಟವನ್ನು ನೋಡಬೇಕು. ಬಳಕೆ ಎಂಬತ್ತು ಶೇಕಡಾಕ್ಕಿಂತ ಕೆಳಗೇ ನಿಂತರೆ ಹೊಸ ರ‍್ಯಾಮ್‌ನಿಂದ ನಿಮಗೆ ಹೆಚ್ಚಿನ ಪ್ರಯೋಜನವಿಲ್ಲ. ನಿಧಾನಕ್ಕೆ ಕಾರಣ ಬೇರೆಡೆ ಇದೆ, ಬಹುತೇಕ ಹಾರ್ಡ್ ಡಿಸ್ಕ್‌ನಲ್ಲೇ ಇರುತ್ತದೆ, ಆ ಹಣವನ್ನು ಒಂದು ಎಸ್‌ಎಸ್‌ಡಿಗೆ ಹಾಕುವುದು ಮೇಲು. ಅದೇ ಪುಟದಲ್ಲಿ ‘ಕಮಿಟೆಡ್’ ಎಂಬ ಅಂಕಿ ಇರುತ್ತದೆ. ಅದು ಯಂತ್ರದಲ್ಲಿರುವ ರ‍್ಯಾಮ್‌ಗಿಂತ ಬಹಳಷ್ಟು ಮೇಲೆ ಹೋಗಿ ಅಲ್ಲೇ ನಿಂತಿದ್ದರೆ ಕಟ್ಟೆ ಸಾಲುತ್ತಿಲ್ಲ ಎಂದು ಅರ್ಥ. ಎಷ್ಟು ಸ್ಲಾಟ್‌ಗಳಿವೆ, ಎಷ್ಟು ತುಂಬಿವೆ, ಈಗ ಯಾವ ವೇಗದಲ್ಲಿ ಓಡುತ್ತಿದೆ ಎಂಬುದನ್ನೂ ಅದೇ ಪುಟ ಹೇಳುತ್ತದೆ. ಲಿನಕ್ಸ್ ಬಳಸುವವರು ‘ಫ್ರೀ’ ಎಂಬ ಆಜ್ಞೆ ಕೊಟ್ಟು ನೋಡುವಾಗ ‘ಅವೈಲೆಬಲ್’ ಎಂಬ ಕೊನೆಯ ಕಾಲಮ್ ಅನ್ನು ಗಮನಿಸಬೇಕು. ಖಾಲಿ ಉಳಿದ ರ‍್ಯಾಮನ್ನು ಲಿನಕ್ಸ್ ಡಿಸ್ಕ್‌ನ ಕಡತಗಳನ್ನು ಹತ್ತಿರ ಇಟ್ಟುಕೊಳ್ಳಲು ಬಳಸುವುದರಿಂದ, ‘ಫ್ರೀ’ ಕಾಲಮ್‌ನ ಸಣ್ಣ ಅಂಕಿಯನ್ನು ಕಂಡು ಗಾಬರಿಯಾಗಬೇಕಾಗಿಲ್ಲ.

ಹೀಗೆ ಅಳೆದಾಗ ಸಾಮಾನ್ಯವಾಗಿ ಏನು ಕಾಣುತ್ತದೆ ಎಂದರೆ, ಪತ್ರವ್ಯವಹಾರ, ಲೆಕ್ಕಪತ್ರ, ನಾಲ್ಕಾರು ಬ್ರೌಸರ್ ಪುಟಗಳ ಕೆಲಸಕ್ಕೆ 8 ಜಿಬಿ ನಡೆಯುತ್ತದೆ. ದೊಡ್ಡ ಫೋಟೊಗಳನ್ನು ತಿದ್ದುವವರಿಗೆ, ಪ್ರೋಗ್ರಾಮ್ ಬರೆಯುವವರಿಗೆ, ಬ್ರೌಸರ್‌ನಲ್ಲಿ ಇಪ್ಪತ್ತು ಮೂವತ್ತು ಪುಟ ತೆರೆದಿಟ್ಟುಕೊಳ್ಳುವ ಅಭ್ಯಾಸದವರಿಗೆ 16 ಜಿಬಿ ಬೇಕು. 32 ಜಿಬಿ ಬೇಕಾಗುವುದು ವಿಡಿಯೊ ಸಂಕಲನ ಮಾಡುವವರಿಗೆ ಮತ್ತು ಒಂದೇ ಯಂತ್ರದೊಳಗೆ ಹಲವು ವರ್ಚುವಲ್ ಯಂತ್ರಗಳನ್ನು (ತಂತ್ರಾಂಶದಲ್ಲೇ ರೂಪಿಸಿದ ಕಂಪ್ಯೂಟರ್‌ಗಳನ್ನು) ಓಡಿಸುವವರಿಗೆ. ಇಲ್ಲಿ ಡಿಟಿಪಿ ಕೇಂದ್ರದವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಪುಟ ವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಹಳೆಯ ಅಕ್ಷರಶೈಲಿಗಳಿಗಾಗಿ ಅದನ್ನೇ ಉಳಿಸಿಕೊಂಡು, ಅದರ ಸಲುವಾಗಿ 32 ಬಿಟ್ ವಿಂಡೋಸ್ 7 ಅನ್ನೂ ಉಳಿಸಿಕೊಂಡಿರುವ ಅಂಗಡಿಗಳು ನಮ್ಮಲ್ಲಿ ಇನ್ನೂ ಇವೆ. 32 ಬಿಟ್ ವಿಂಡೋಸ್ 7 ಬಳಸಬಲ್ಲದ್ದು ಹೆಚ್ಚೆಂದರೆ 4 ಜಿಬಿ, ಅದರಲ್ಲೂ ಸ್ವಲ್ಪ ಭಾಗ ಬೇರೆ ಬಿಡಿಭಾಗಗಳ ಪಾಲಾಗುತ್ತದೆ. ಅಂಥ ಯಂತ್ರಕ್ಕೆ 8 ಜಿಬಿ ಹಾಕಿಸಿದರೆ ಅರ್ಧಕ್ಕೂ ಹೆಚ್ಚು ರ‍್ಯಾಮ್ ಸುಮ್ಮನೆ ಕೂತಿರುತ್ತದೆ. ಹಾಕಿಕೊಡುವ ಅಂಗಡಿಯವರು ಇದನ್ನು ಹೇಳಬೇಕು. ಹೇಳದಿದ್ದರೆ ನೀವೇ ಕೇಳಬೇಕು.

ಪ್ರಮಾಣ ಗೊತ್ತಾದ ಮೇಲೆ ಎರಡನೆಯ ಪ್ರಶ್ನೆ, ಒಂದೇ ರ‍್ಯಾಮ್ ಹಾಕಬೇಕೋ, ಎರಡಾಗಿ ಹಾಕಬೇಕೋ. ಇಂದಿನ ಬಹುತೇಕ ಪ್ರೊಸೆಸರ್‌ಗಳಿಗೆ ರ‍್ಯಾಮ್ ಕಡೆಗೆ ಎರಡು ಬಾಗಿಲುಗಳಿವೆ. ಚಾನಲ್ ಎನ್ನುವುದು ಇವನ್ನೇ. ಕೋಣೆಗೆ ಎರಡು ಬಾಗಿಲಿದ್ದು ಒಂದನ್ನು ಮುಚ್ಚಿಟ್ಟಂತೆ, ಒಂದೇ ರ‍್ಯಾಮ್ ಹಾಕಿದಾಗ ಒಂದು ಬಾಗಿಲು ಬಳಕೆಯಾಗದೆ ಉಳಿಯುತ್ತದೆ. 3200 ವೇಗದ, ಎಂದರೆ ಸೆಕೆಂಡಿಗೆ 3200 ದಶಲಕ್ಷ ಸಲ ಮಾಹಿತಿ ಸಾಗಿಸುವ, ಡಿಡಿಆರ್4 ರ‍್ಯಾಮ್‌ನಿಂದ ಒಂದು ಚಾನಲ್‌ನಲ್ಲಿ ಸೆಕೆಂಡಿಗೆ 25.6 ಜಿಬಿ ಮಾಹಿತಿ ಹರಿಯಬಲ್ಲದು. ಎರಡೂ ತೆರೆದರೆ 51.2 ಜಿಬಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಗಳಲ್ಲಿ ಪರದೆಯ ಚಿತ್ರಗಳೂ ಇದೇ ರ‍್ಯಾಮ್‌ನಿಂದ ಹೋಗಬೇಕಾದ್ದರಿಂದ ಅಲ್ಲಿ ಇದರ ಪರಿಣಾಮ ಎದ್ದು ಕಾಣುತ್ತದೆ. ಅಂಥ ಯಂತ್ರಕ್ಕೆ ಹೆಚ್ಚು ಬೆಲೆಯ ವೇಗದ ಒಂದು 16 ಜಿಬಿಗಿಂತ ಸಾಧಾರಣ ವೇಗದ ಎರಡು 8 ಜಿಬಿಗಳೇ ಉತ್ತಮ. ಬರೀ ಬೆರಳಚ್ಚು ಮತ್ತು ಲೆಕ್ಕದ ಕೆಲಸವಾದರೆ ಈ ವ್ಯತ್ಯಾಸ ಅಷ್ಟಾಗಿ ತಿಳಿಯದು. ಎರಡೇ ಸ್ಲಾಟ್ ಇರುವ ಬೋರ್ಡ್‌ನಲ್ಲಿ (ಬಿಡಿಭಾಗಗಳೆಲ್ಲ ಕೂರುವ ಮದರ್‌ಬೋರ್ಡ್‌ನಲ್ಲಿ) ಈಗ ಒಂದು 16 ಜಿಬಿ ಹಾಕಿ, ಅದರ ಜೋಡಿಯನ್ನು ಮುಂದೆ ಸೇರಿಸುತ್ತೇನೆ ಎನ್ನುವವರ ಲೆಕ್ಕಾಚಾರವೂ ತಪ್ಪಲ್ಲ. 4 ಜಿಬಿ ಇರುವಲ್ಲಿಗೆ 8 ಜಿಬಿ ಸೇರಿಸಬಹುದೇ ಎಂದು ಕೇಳುತ್ತಾರೆ. ಸಾಮಾನ್ಯವಾಗಿ ಸೇರಿಸಬಹುದು. ಎರಡೂ ಕಡೆ ಸಮನಾಗಿರುವ ಭಾಗ ಎರಡು ಬಾಗಿಲಲ್ಲೂ, ಉಳಿದ ಭಾಗ ಒಂದು ಬಾಗಿಲಲ್ಲೂ ಓಡಾಡುತ್ತದೆ, ಮತ್ತು ಎರಡೂ ಸೇರಿ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ.

ಈಗ ವೇಗ. ದುಡ್ಡು ಅತಿ ಹೆಚ್ಚು ಪೋಲಾಗುವ ಜಾಗ ಇದೇ ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ನಾವು ಬಳಸುವ ರ‍್ಯಾಮ್‌ನ ಮೂಲ ವಿನ್ಯಾಸ ಐಬಿಎಂನ ರಾಬರ್ಟ್ ಡೆನಾರ್ಡ್ ಅವರದು. 1968ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್, ಇಷ್ಟರಲ್ಲಿ ಒಂದು ಬಿಟ್ ಮಾಹಿತಿ. ಆ ಕೆಪಾಸಿಟರ್ ತೂತಿರುವ ಕೊಡದಂತೆ ಸೋರುತ್ತಿರುತ್ತದೆ. ಡಿಡಿಆರ್4ರಲ್ಲಿ ಪ್ರತಿ ಕೋಶವನ್ನೂ ಮಾಮೂಲಿ ಶಾಖದಲ್ಲಿ 64 ಮಿಲಿಸೆಕೆಂಡ್‌ಗೊಮ್ಮೆ ಓದಿ ಮತ್ತೆ ತುಂಬಬೇಕು. ಈ ತುಂಬುವ, ಸುರಿಯುವ ಕೆಲಸದ ವೇಗ ತಲೆಮಾರಿನಿಂದ ತಲೆಮಾರಿಗೆ ಬಹಳವೇನೂ ಬದಲಾಗಿಲ್ಲ. ಪೊಟ್ಟಣದ ಮೇಲೆ ಸಿಎಲ್ ಎಂದು ಬರೆದಿರುವ ಅಂಕಿಯನ್ನು 2000ದಿಂದ ಗುಣಿಸಿ, ವೇಗದ ಅಂಕಿಯಿಂದ ಭಾಗಿಸಿ. ಕೇಳಿದ ಮಾಹಿತಿ ಹೊರಡಲು ಎಷ್ಟು ನ್ಯಾನೊಸೆಕೆಂಡ್ ತಡವಾಗುತ್ತದೆ ಎಂಬುದು ಸಿಗುತ್ತದೆ. 2007ರಲ್ಲಿ ಬಂದ ಡಿಡಿಆರ್3 ತಲೆಮಾರಿನ 1600 ವೇಗದ, ಸಿಎಲ್ 11ರ ರ‍್ಯಾಮ್‌ನದು 13.75. 2014ರ ತಲೆಮಾರಾದ ಡಿಡಿಆರ್4ರ 3200 ವೇಗದ, ಸಿಎಲ್ 22ರದ್ದೂ ಅಷ್ಟೇ, 13.75. ಡಿಡಿಆರ್5ರ 4800 ವೇಗ, ಸಿಎಲ್ 40 ಆದರೆ 16.7. ಹೆಚ್ಚಿದ್ದು ಹರಿವಿನ ಅಗಲ. ಮೊದಲ ತೊಟ್ಟು ಬೀಳುವ ಹೊತ್ತು ಹಾಗೆಯೇ ಉಳಿದಿದೆ. ವೇಗದ ಅಂಕಿಯೊಂದನ್ನೇ ದೊಡ್ಡದಾಗಿ ಮುದ್ರಿಸಿದ ಪೊಟ್ಟಣವನ್ನು ನೋಡಿ ಹೆಚ್ಚು ದುಡ್ಡು ಕೊಡುವ ಮುನ್ನ ಸಿಎಲ್ ಅಂಕಿಯನ್ನೂ ಕೇಳಿ, ಮೊಬೈಲ್‌ನಲ್ಲೇ ಈ ಭಾಗಾಕಾರ ಮಾಡಿ ನೋಡಿ.

ಅದಕ್ಕಿಂತ ಮುಖ್ಯವಾದದ್ದು ನಿಮ್ಮ ಬೋರ್ಡ್ ಎಷ್ಟು ವೇಗಕ್ಕೆ ಅವಕಾಶ ಕೊಡುತ್ತದೆ ಎಂಬುದು. ಇಂಟೆಲ್‌ನ ಐ5 8400 ಪ್ರೊಸೆಸರ್ ಇರುವ ಬಿ360 ಬೋರ್ಡ್‌ಗೆ 3600 ವೇಗದ ರ‍್ಯಾಮ್ ತಂದು ಹಾಕಿದರೂ ಅದು 2666ಕ್ಕಿಂತ ಮೇಲೆ ಓಡುವುದಿಲ್ಲ. ಅದೇ ಬೋರ್ಡ್‌ನಲ್ಲಿ ಐ3 8100 ಇದ್ದರೆ 2400ಕ್ಕೇ ನಿಲ್ಲುತ್ತದೆ. ಮಿಕ್ಕ ವೇಗಕ್ಕೆ ಕೊಟ್ಟ ದುಡ್ಡು ಹೊಳೆಗೆ ಹಾಕಿದಂತೆ. ಇದಕ್ಕೆ ತಿರುಗುಮುರುಗಾದ ಸಂದರ್ಭವೂ ಇದೆ. 3200 ವೇಗ, ಸಿಎಲ್ 16 ಎಂದು ಮುದ್ರಿಸಿರುವ ರ‍್ಯಾಮನ್ನು ಅದಕ್ಕೆ ತಕ್ಕ ಬೋರ್ಡ್‌ಗೇ ಹಾಕಿದರೂ, ಬಯಾಸ್ (ಯಂತ್ರ ಶುರುವಾಗುವಾಗ ತೆರೆಯಬಹುದಾದ ಬೋರ್ಡ್‌ನ ಸೆಟ್ಟಿಂಗ್ ಪುಟ) ಒಳಗೆ ಹೋಗಿ ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಚಾಲೂ ಮಾಡುವವರೆಗೆ ಅದು ಕೆಳಗಿನ ವೇಗದಲ್ಲೇ ಓಡುತ್ತಿರುತ್ತದೆ. ಇಂಟೆಲ್‌ನಂತೆಯೇ ಪ್ರೊಸೆಸರ್ ಮಾಡುವ ಎಎಂಡಿಯ ಡಿಡಿಆರ್5 ಬೋರ್ಡ್‌ಗಳಲ್ಲಿ ಇದರ ಹೆಸರು ಎಕ್ಸ್‌ಪೋ. ಕೊಂಡ ವೇಗವನ್ನು ವರ್ಷಗಟ್ಟಲೆ ಬಳಸದೆ ಬಿಟ್ಟ ಎಷ್ಟೋ ಯಂತ್ರಗಳನ್ನು ನಾನು ಕಂಡಿದ್ದೇನೆ. ಖರ್ಚಿಲ್ಲದೆ ವೇಗ ಹೆಚ್ಚಿಸಿಕೊಳ್ಳುವ ದಾರಿ ಇದಾದ್ದರಿಂದ, ಹೊಸದನ್ನು ಕೊಳ್ಳುವ ಮೊದಲು ಇರುವುದರಲ್ಲಿ ಇದನ್ನು ಪರೀಕ್ಷಿಸಿ. ಎಎಂಡಿಯ ಎಎಂ5 ಬೋರ್ಡ್ ಇರುವವರಿಗೆ 6000 ವೇಗ, ಸಿಎಲ್ 30 ಅಥವಾ 36 ಸಾಕು. ಅದರ ಮೇಲಿನದಕ್ಕೆ ಕೊಡುವ ದುಡ್ಡಿಗೆ ತಕ್ಕ ಲಾಭ ಕಾಣುವುದಿಲ್ಲ.

ಇನ್ನು ಕೈಗೆ ಬಂದ ರ‍್ಯಾಮ್‌ನ ಚೀಟಿಯನ್ನು ಓದುವ ಬಗೆ. (ಇಲ್ಲಿ ಎರಡು ಲ್ಯಾಪ್‌ಟಾಪ್ ರ‍್ಯಾಮ್‌ಗಳನ್ನು ಸಭೆಯಲ್ಲಿ ಕೈಯಿಂದ ಕೈಗೆ ದಾಟಿಸಿ ತೋರಿಸಲಾಯಿತು.) ಎರಡೂ 8 ಜಿಬಿ, ಎರಡೂ ಡಿಡಿಆರ್4, ಎರಡರ ಮೇಲೂ 3200 ಎಂದಿದೆ. ಒಂದರ ಮೇಲೆ 1ಆರ್‌ಎಕ್ಸ್8 ಎಂದೂ, ಇನ್ನೊಂದರ ಮೇಲೆ 1ಆರ್‌ಎಕ್ಸ್16 ಎಂದೂ ಬರೆದಿದೆ. ಮೊದಲನೆಯದರಲ್ಲಿ ಎಂಟು ಕಪ್ಪು ಚಿಪ್‌ಗಳಿವೆ, ಎರಡನೆಯದರಲ್ಲಿ ನಾಲ್ಕೇ. ಡಿಡಿಆರ್4ರ ಮೊದಲ ಬಗೆಯ ಚಿಪ್‌ನೊಳಗೆ ಮಾಹಿತಿಯ ಕೋಣೆಗಳು ನಾಲ್ಕು ಗುಂಪುಗಳಾಗಿವೆ, ಎರಡನೆಯ ಬಗೆಯಲ್ಲಿ ಎರಡೇ ಗುಂಪು. ಒಂದು ಗುಂಪು ಕೆಲಸ ಮುಗಿಸಿ ಸುಧಾರಿಸಿಕೊಳ್ಳುವಷ್ಟರಲ್ಲಿ ಇನ್ನೊಂದರಿಂದ ಓದುವುದು ರ‍್ಯಾಮ್‌ನ ಪದ್ಧತಿ; ಗುಂಪುಗಳು ಕಡಿಮೆಯಾದರೆ ಕಾಯುವ ಸರದಿ ಹೆಚ್ಚು ಬರುತ್ತದೆ. ಹೀಗಾಗಿ ಪೊಟ್ಟಣದ ಅಂಕಿ ಒಂದೇ ಆದರೂ ಆಟಗಳಲ್ಲಿ, ವಿಡಿಯೊ ಕೆಲಸದಲ್ಲಿ ನಾಲ್ಕು ಚಿಪ್‌ನದು ಹಿಂದೆ ಬೀಳುತ್ತದೆ. ಕಚೇರಿ ಕೆಲಸಕ್ಕೆ ಎರಡೂ ಒಂದೇ. ಬೆಲೆಯಲ್ಲಿ ನೂರಿನ್ನೂರು ರೂಪಾಯಿ ಮಾತ್ರ ಹೆಚ್ಚುಕಡಿಮೆ ಇದ್ದರೆ ಎಂಟು ಚಿಪ್‌ನದನ್ನು ಆರಿಸಿ.

ತಲೆಮಾರುಗಳನ್ನು ಬೆರೆಸಲಾಗದು ಎಂಬುದು ನಿಮಗೆ ಗೊತ್ತೇ ಇದೆ. ಕೆಳಗಿನ ಕಚ್ಚಿನ ಜಾಗವೇ ಬೇರೆ ಇರುವುದರಿಂದ ಒಂದರ ಸ್ಲಾಟ್‌ಗೆ ಇನ್ನೊಂದು ಕೂರುವುದಿಲ್ಲ. ಆದರೆ ಕೂತೂ ಕೆಲಸ ಮಾಡದಿರುವ ರ‍್ಯಾಮ್‌ಗಳಿವೆ, ಅಗ್ಗದ ಬೆನ್ನು ಹತ್ತಿದವರು ಸಿಕ್ಕಿಬೀಳುವುದು ಅಲ್ಲಿ. ನಾನೇ ಒಮ್ಮೆ ಮನೆಯ ಯಂತ್ರಕ್ಕೆಂದು ಆನ್‌ಲೈನ್‌ನಲ್ಲಿ ಎರಡು 8 ಜಿಬಿ ಡಿಡಿಆರ್3 ತರಿಸಿದ್ದೆ. ಬೆಲೆ ಬೇರೆಯವರಿಗಿಂತ ಬಹಳ ಕಡಿಮೆ ಇತ್ತು. ಹಾಕಿದಾಗ ಪರದೆ ಬರಲಿಲ್ಲ, ಬೋರ್ಡ್ ಬೀಪ್ ಬೀಪ್ ಎಂದು ಕೂಗಿತು. ಮಾರಾಟದ ಪುಟದ ಕೊನೆಯಲ್ಲಿ, ಎಎಂಡಿ ಬೋರ್ಡ್‌ಗಳಿಗೆ ಮಾತ್ರ ಎಂಬ ಒಂದು ಸಾಲು ಸಣ್ಣಕ್ಷರದಲ್ಲಿತ್ತು. ಇಂಟೆಲ್ ಬೋರ್ಡ್‌ಗಳು ಗುರುತಿಸದ ಬಗೆಯ ಚಿಪ್‌ಗಳಿಂದ ಮಾಡಿದ ರ‍್ಯಾಮ್ ಅದು. ಸರ್ವರ್‌ಗಳಿಂದ ಕಳಚಿದ ರಿಜಿಸ್ಟರ್ಡ್ ರ‍್ಯಾಮ್‌ನದೂ ಇದೇ ಕಥೆ: ಸೆಕೆಂಡ್‌ಹ್ಯಾಂಡ್‌ನಲ್ಲಿ ಅಗ್ಗವಾಗಿ ಸಿಗುತ್ತದೆ, ಡಿಡಿಆರ್4 ಆದರೆ ಡೆಸ್ಕ್‌ಟಾಪ್‌ನ ಸ್ಲಾಟ್‌ಗೂ ಕೂರುತ್ತದೆ, ಯಂತ್ರ ಮಾತ್ರ ಏಳುವುದಿಲ್ಲ. 2013ರ ಸುಮಾರಿನಿಂದ ಬಂದ ಅನೇಕ ಲ್ಯಾಪ್‌ಟಾಪ್‌ಗಳು 1.35 ವೋಲ್ಟ್‌ನ ಡಿಡಿಆರ್3ಎಲ್ ಬಿಟ್ಟು 1.5 ವೋಲ್ಟ್‌ನ ಡಿಡಿಆರ್3 ಸ್ವೀಕರಿಸುವುದಿಲ್ಲ. ಹಳೆಯ ರ‍್ಯಾಮನ್ನು ಬಿಚ್ಚಿ ಅಂಗಡಿಗೇ ಕೊಂಡೊಯ್ದು ಪಕ್ಕಪಕ್ಕ ಇಟ್ಟು ಚೀಟಿ ಹೋಲಿಸುವುದು ಇದಕ್ಕೆಲ್ಲ ಸರಳವಾದ ಪರಿಹಾರ.

ಸೆಕೆಂಡ್‌ಹ್ಯಾಂಡ್ ರ‍್ಯಾಮ್ ಬಗ್ಗೆ ನನ್ನ ಅಭಿಪ್ರಾಯ ಒಳ್ಳೆಯದೇ. ಎಸ್‌ಎಸ್‌ಡಿಯಂತೆ ಬರೆದಷ್ಟೂ ಸವೆಯುವ ವಸ್ತು ಇದಲ್ಲ. ಕಚೇರಿಗಳು ಯಂತ್ರ ಬದಲಿಸಿದಾಗ ಕಳಚಿದ ಡಿಡಿಆರ್3, ಡಿಡಿಆರ್4 ರ‍್ಯಾಮ್‌ಗಳು ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಕಡೆ ಸಿಗುತ್ತವೆ. ಅಲ್ಲಿ ಅಂಗಡಿಯ ಯಂತ್ರದಲ್ಲೇ ಹಾಕಿಸಿ ನೋಡಿ, ಬದಲಿಸಿಕೊಡುವ ದಿನಗಳ ಲೆಕ್ಕವನ್ನು ಬಿಲ್ ಮೇಲೆ ಬರೆಸಿಕೊಂಡು ತನ್ನಿ.

ಬ್ರ್ಯಾಂಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಗತ್ತಿನ ರ‍್ಯಾಮ್ ಚಿಪ್‌ಗಳಲ್ಲಿ ಬಹುಪಾಲನ್ನು ತಯಾರಿಸುವವರು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂವರೇ. ಅಂಗಡಿಯಲ್ಲಿ ಕಾಣುವ ಉಳಿದ ಹೆಸರುಗಳಲ್ಲಿ ಹೆಚ್ಚಿನವು ಇವರ ಚಿಪ್ ತಂದು ಜೋಡಿಸಿ ಮಾರುವವರದು. ಬಣ್ಣದ ದೀಪ, ಮೇಲಿನ ಲೋಹದ ಕವಚ ಇವುಗಳಿಂದ ಮಾಮೂಲಿ ವೇಗದಲ್ಲಿ ಓಡುವ ರ‍್ಯಾಮ್‌ಗೆ ಯಾವ ಉಪಕಾರವೂ ಇಲ್ಲ. ವಾರಂಟಿ ಮತ್ತು ಅದನ್ನು ನಡೆಸಿಕೊಡುವ ಸೇವಾಕೇಂದ್ರ ಊರಿಗೆ ಹತ್ತಿರವಿರುವುದು, ಇವೆರಡಕ್ಕೆ ಸ್ವಲ್ಪ ಹೆಚ್ಚು ಕೊಡಬಹುದು.

ಬೆಲೆ ಇಳಿಯುವವರೆಗೆ ಕಾಯಬೇಕೇ ಎಂಬುದು ನೀವು ಕೇಳಲೇಬೇಕಾದ ಪ್ರಶ್ನೆ. ಬಹುಪಾಲನ್ನು ತಯಾರಿಸುವವರು ಮೂವರೇ ಆದ್ದರಿಂದ ಈ ಮಾರುಕಟ್ಟೆ ಸಣ್ಣ ಪೆಟ್ಟಿಗೂ ಅಲುಗುತ್ತದೆ. 2013ರ ಸೆಪ್ಟೆಂಬರ್‌ನಲ್ಲಿ ಚೀನಾದ ವುಶಿಯಲ್ಲಿದ್ದ ಎಸ್‌ಕೆ ಹೈನಿಕ್ಸ್ ಕಾರ್ಖಾನೆಗೆ ಬೆಂಕಿ ಬಿದ್ದಾಗ ಜಗತ್ತಿನಾದ್ಯಂತ ಬೆಲೆ ಏರಿತು. 2023ರಲ್ಲಿ ಬಹಳ ಅಗ್ಗವಾಗಿತ್ತು. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ ಅನೇಕ ರ‍್ಯಾಮ್‌ಗಳ ಬೆಲೆ ದುಪ್ಪಟ್ಟಾಯಿತು. ಆ ಯಂತ್ರಗಳಿಗೆ ಬೇಕಾದ ಎಚ್‌ಬಿಎಂ ಎಂಬ ವಿಶೇಷ ರ‍್ಯಾಮ್‌ಗೆ, ಅಷ್ಟೇ ಪ್ರಮಾಣದ ಡಿಡಿಆರ್5 ಮಾಡಲು ತಗಲುವ ಸಿಲಿಕಾನ್‌ನ ಸುಮಾರು ಮೂರು ಪಟ್ಟು ಹಿಡಿಯುತ್ತದೆ ಎಂದು ಮೈಕ್ರಾನ್ ಹೇಳಿದೆ. ಅದೇ ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ನಮ್ಮಂಥ ಗ್ರಾಹಕರಿಗೆ ಮಾರುತ್ತಿದ್ದ ಕ್ರೂಶಿಯಲ್ ಹೆಸರಿನ ವ್ಯಾಪಾರದಿಂದ ಹೊರಬರುವುದಾಗಿ ಪ್ರಕಟಿಸಿತು. ಇಂಥ ಕಾಲದಲ್ಲಿ ಕೆಲಸ ನಿಂತಿದ್ದರೆ ಬೇಕಾದಷ್ಟನ್ನು ಈಗಲೇ ಕೊಳ್ಳಿ. ಮುಂದೆ ಎಂದಾದರೂ ಬೇಕಾದೀತು ಎಂದು ದುಪ್ಪಟ್ಟು ಪ್ರಮಾಣವನ್ನು ಮಾತ್ರ ಕೊಳ್ಳಬೇಡಿ. ಡಿಡಿಆರ್4 ಯಂತ್ರ ಚೆನ್ನಾಗಿ ನಡೆಯುತ್ತಿರುವಾಗ ಡಿಡಿಆರ್5ರ ಸಲುವಾಗಿ ಬೋರ್ಡ್, ಪ್ರೊಸೆಸರ್ ಎಲ್ಲವನ್ನೂ ಬದಲಿಸುವುದಂತೂ ಬೇಡವೇ ಬೇಡ. ಮುಂದಕ್ಕೆಂದು ಹೆಚ್ಚಿಗೆ ಕೊಳ್ಳಬೇಡಿ ಎಂಬ ಮಾತಿಗೆ ಒಂದು ಅಪವಾದ, ರ‍್ಯಾಮನ್ನು ಬೋರ್ಡ್‌ಗೇ ಬೆಸುಗೆ ಹಾಕಿರುವ ತೆಳು ಲ್ಯಾಪ್‌ಟಾಪ್‌ಗಳು. ಅವುಗಳಲ್ಲಿ ಮುಂದೆ ಸೇರಿಸಲು ದಾರಿಯೇ ಇಲ್ಲದ ಕಾರಣ ಕೊಳ್ಳುವ ದಿನವೇ 16 ಜಿಬಿ ಇರಲಿ ಎಂದು ಹೇಳುತ್ತೇನೆ.

ಕೊನೆಯದಾಗಿ ಹಾಕುವ ಕ್ರಮ. ಪ್ಲಗ್ ಕಿತ್ತು, ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಿ ಮೈಯ ಸ್ಥಿರ ವಿದ್ಯುತ್ತನ್ನು ಕಳೆದುಕೊಳ್ಳಿ. ಹಳೆಯ ರ‍್ಯಾಮ್ ಆದರೆ ಚಿನ್ನದ ಬಣ್ಣದ ಪಟ್ಟಿಗಳನ್ನು ಮೆತ್ತನೆಯ ಬಿಳಿ ರಬ್ಬರ್‌ನಿಂದ ಹಗುರವಾಗಿ ಒರೆಸಿ, ಪುಡಿಯನ್ನು ಪೂರ್ತಿ ಕೊಡವಿ. ನಾಲ್ಕು ಸ್ಲಾಟ್‌ನ ಬೋರ್ಡ್‌ಗಳಲ್ಲಿ ಜೋಡಿ ರ‍್ಯಾಮ್ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ ಹೋಗಬೇಕು. ಬೋರ್ಡ್‌ನ ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಿ. ಕಚ್ಚು ಹೊಂದಿಸಿ, ಎರಡೂ ತುದಿಯನ್ನು ಒತ್ತಿದಾಗ ಕ್ಲಿಪ್ ಟಕ್ ಎಂದು ಕೂರಬೇಕು. ಡಿಡಿಆರ್5 ಯಂತ್ರ ಮೊದಲ ಸಲ ಚಾಲೂ ಆಗುವಾಗ ರ‍್ಯಾಮನ್ನು ಹದಗೊಳಿಸಿಕೊಳ್ಳಲು ಕೆಲವು ನಿಮಿಷ ಪರದೆಯನ್ನು ಕಪ್ಪಾಗಿಯೇ ಇಡಬಹುದು, ಗಾಬರಿಯಾಗಿ ಸ್ವಿಚ್ ಆರಿಸಬೇಡಿ. ಆಮೇಲೆ ಉಚಿತವಾಗಿ ಸಿಗುವ ಮೆಮ್‌ಟೆಸ್ಟ್86 ಪ್ಲಸ್ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದ ಯಂತ್ರ ಶುರು ಮಾಡಿ ಒಂದು ರಾತ್ರಿ ಓಡಲು ಬಿಡಿ. ಬೆಳಿಗ್ಗೆ ತಪ್ಪುಗಳ ಅಂಕಿ ಸೊನ್ನೆಯೇ ಇರಬೇಕು. ಒಂದೇ ಒಂದು ತಪ್ಪು ಕಂಡರೂ ಬದಲಿಸಿಕೊಡುವ ಅವಧಿ ಮುಗಿಯುವ ಮೊದಲು ಅಂಗಡಿಗೆ ಹಿಂತಿರುಗಿಸಿ. ಯಂತ್ರದಿಂದ ತೆಗೆದ ಹಳೆಯ ರ‍್ಯಾಮನ್ನು ಹೊಸದು ಬಂದಿದ್ದ ಪೊಟ್ಟಣದಲ್ಲೇ ಹಾಕಿ, ಯಾವ ಯಂತ್ರದ್ದು, ಯಾವ ತಾರೀಖು ಎಂದು ಬರೆದು ಬೀರುವಿನಲ್ಲಿಡಿ. ಇನ್ನೊಂದು ಯಂತ್ರ ಏಳದೆ ನಿಂತ ದಿನ ದೋಷ ರ‍್ಯಾಮ್‌ನದೋ ಸ್ಲಾಟ್‌ನದೋ ಎಂದು ಪತ್ತೆ ಮಾಡಲು ನಿಮಗೆ ಬೇಕಾಗುವುದು ಅದೇ.